ಪಾಠವನ್ನು ಪರೀಕ್ಷಿಸುವವರು

ವಿದ್ಯಾರ್ಥಿಯನ್ನು ಪರೀಕ್ಷಿಸುವುದಕ್ಕೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಏರ್ಪಾಡುಗಳಿಗೆ ಕೊರತೆಯಿಲ್ಲ. ಪ್ರಶ್ನಪತ್ರಿಕೆಯನ್ನು ರಚಿಸುವವರೊಬ್ಬರು, ಅದನ್ನು ಪರಿಷ್ಕರಿಸುವವರು ಹಲವರು, ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಒಂದು ತಂಡ, ಅದರಲ್ಲಿ ಸಂದೇಹ ಬಂದವರಿಗೆ ಮರುಮೌಲ್ಯಮಾಪನ. ಹೀಗೆ ಹದಿನೆಂಟು ವರ್ಷದ ಹುಡುಗನೊಬ್ಬ ಮೂರು ಗಂಟೆಗಳ ಕಾಲ ಬರೆದದ್ದನ್ನು ತೂಗಿ ನೋಡುವುದಕ್ಕೆ ಇಷ್ಟು ಮಂದಿ ವಿದ್ವಾಂಸರು ಸಿದ್ಧರಾಗಿರುವಾಗ, ಅವನು ಒಂದು ಸೆಮಿಸ್ಟರಿನ ಉದ್ದಕ್ಕೂ ಕುಳಿತು ಕೇಳಬೇಕಾದ ಪಾಠವು ಅವನಿಗೆ ತಕ್ಕುದೆ, ಅಲ್ಲವೆ ಎಂಬುದನ್ನು ತೂಗಿದವರು ಯಾರು ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಅವನು ಆರಿಸಿಕೊಂಡ ಮುಖ್ಯ ವಿಷಯದ ಪಾಠವಾದರೆ ಆಯಾ ವಿಷಯದ ಅಧ್ಯಯನ ಮಂಡಳಿ ಇದ್ದೇ ಇದೆ. ಆದರೆ ಭೌತವಿಜ್ಞಾನದ ವಿದ್ಯಾರ್ಥಿ ಓದಬೇಕಾದ ಇತಿಹಾಸ, ವಾಣಿಜ್ಯದ ವಿದ್ಯಾರ್ಥಿ ಓದಬೇಕಾದ ಪರಿಸರ ಅಧ್ಯಯನ, ಸಾಹಿತ್ಯದ ವಿದ್ಯಾರ್ಥಿ ಓದಬೇಕಾದ ಕಂಪ್ಯೂಟರ್ ಜ್ಞಾನ, ಇವು ಎಲ್ಲರಿಗೂ ಸೇರಿದವಾದುದರಿಂದಲೇ ವಿಶೇಷವಾಗಿ ಯಾರಿಗೂ ಸೇರದವಾಗಿ ಉಳಿದಿವೆ.

ಸಾಮಾನ್ಯ ಶಿಕ್ಷಣವೆಂದು ಕರೆಯಲ್ಪಡುವ ಈ ಭಾಗವನ್ನು ಪದವಿಯ ಅನಿವಾರ್ಯ ಅಂಗವೆಂದು ಭಾವಿಸಿ, ಅದರೊಳಕ್ಕೆ ಯಾವ ಪಾಠಕ್ರಮಕ್ಕೆ ಪ್ರವೇಶವುಂಟು, ಯಾವುದಕ್ಕಿಲ್ಲ ಎಂಬುದನ್ನು ನಿರ್ಣಯಿಸುವುದಕ್ಕಾಗಿಯೇ ಅಧ್ಯಾಪಕರ ಸಮಿತಿಗಳನ್ನು ನಿಯಮಿಸಿ, ಆ ಕಾರ್ಯದಲ್ಲಿ ನೂರು ವರ್ಷಗಳಿಂದ ಗೆಲ್ಲುತ್ತಲೂ ಸೋಲುತ್ತಲೂ ಬಂದಿರುವುದು ಅಮೆರಿಕದ ವಿಶ್ವವಿದ್ಯಾನಿಲಯಗಳು. ಆ ಗೆಲವಿನಲ್ಲಿಯೂ ಸೋಲಿನಲ್ಲಿಯೂ ನಾವು ಕಲಿಯತಕ್ಕದ್ದು ಬಹಳವಿದೆಯೆಂಬುದು ನನ್ನ ಅಭಿಪ್ರಾಯ. ಸೋಲಿನಲ್ಲಿ ತುಸು ಹೆಚ್ಚಾಗಿಯೇ ಇದೆ.

ಕಥೆಯ ಆರಂಭ ಹಾರ್ವರ್ಡಿನಲ್ಲಿ. 1869ರಿಂದ 40 ವರ್ಷಗಳ ಕಾಲ ಅದರ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಎಲಿಯಟ್ಟನು ಹಳೆಯ ಕಡ್ಡಾಯದ ಪಾಠಗಳನ್ನು ಒಂದೊಂದಾಗಿ ಸಡಿಲಿಸಿ, ತನಗೆ ಬೇಕಾದುದನ್ನು ಆರಿಸಿಕೊಂಡು ಓದುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗೆ ಕೊಟ್ಟನು. ಸ್ವಾತಂತ್ರ್ಯವು ಸಿಕ್ಕಿದ ಕೂಡಲೆ ಅದರ ಜೊತೆಯಲ್ಲಿಯೇ ಬರುವ ಅನರ್ಥವೂ ಬಂದಿತು. ಒಂದಕ್ಕೊಂದು ಸಂಬಂಧವಿಲ್ಲದ ಸುಲಭವಾದ ಪಾಠಗಳನ್ನು ಆಯ್ದುಕೊಂಡು ಪದವೀಧರರಾಗುವುದು ಸಾಧ್ಯವಾಯಿತು. ಎಲಿಯಟ್ಟನ ಅನಂತರ ಬಂದ ಲೋವೆಲ್ಲನು ಒಂದು ವಿಷಯದಲ್ಲಿ ಆಳವನ್ನೂ ಮಿಕ್ಕವುಗಳಲ್ಲಿ ಹರವನ್ನೂ ವಿಧಿಸಿದನು. 1919ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯವು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ವಿದ್ಯಾರ್ಥಿಗಳಿಗಾಗಿ ನಡೆಸಿದ್ದ ಪಾಠವೊಂದರ ಅನುಭವದಿಂದ, ಸಮಕಾಲೀನ ನಾಗರಿಕತೆಯೆಂಬ ಪಾಠಕ್ರಮವನ್ನು ರೂಪಿಸಿ ಎಲ್ಲರಿಗೂ ಕಡ್ಡಾಯ ಮಾಡಿತು. ಅದು ಇಂದಿಗೂ ಅಲ್ಲಿ ಕಡ್ಡಾಯವಾಗಿಯೇ ಇದೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹಾರ್ವರ್ಡಿನ ಅಧ್ಯಕ್ಷ ಜೇಮ್ಸ್ ಕಾನಂಟನು 12 ಮಂದಿಯ ಸಮಿತಿಯೊಂದನ್ನು ನೇಮಿಸಿದನು. ನಮ್ಮ ವಿಮರ್ಶಕರಿಗೆ ಚಿರಪರಿಚಿತನಾದ ಐ. ಎ. ರಿಚರ್ಡ್ಸನೂ, ಮುಂದೆ 1967ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜೀವವಿಜ್ಞಾನಿ ಜಾರ್ಜ್ ವಾಲ್ಡನೂ ಅದರಲ್ಲಿ ಒಟ್ಟಿಗೆ ಕುಳಿತು ವಾದಿಸಿದರೆಂಬುದನ್ನು ನೆನೆದರೆ ಆ ಸಮಿತಿಯ ಸ್ವರೂಪವು ಮನಸ್ಸಿಗೆ ಬರುತ್ತದೆ. 1945ರಲ್ಲಿ ಪ್ರಕಟವಾದ ಅದರ ವರದಿಗೆ ರಟ್ಟಿನ ಬಣ್ಣದಿಂದ ಕೆಂಪು ಪುಸ್ತಕವೆಂಬ ಹೆಸರೇ ನಿಂತಿತು.

ವರದಿಗಳನ್ನು ಬರೆಯುವುದು ಎಲ್ಲ ದೇಶಗಳಲ್ಲಿಯೂ ವಿದ್ವಾಂಸರಿಗೆ ಪ್ರಿಯವಾದ ಕೆಲಸ. ವರದಿಯು ಮುಗಿದ ಮೇಲೆ, ವರ್ಷವರ್ಷವೂ, ಒಂದೊಂದೇ ಪಾಠಕ್ರಮವನ್ನು ಮುಂದಿಟ್ಟುಕೊಂಡು ಹೌದೆಂದೊ ಅಲ್ಲವೆಂದೊ ಹೇಳುವ ಕಾರ್ಯವು ಕೀರ್ತಿಯನ್ನು ತರುವಂಥದಲ್ಲ, ಮಿತ್ರರನ್ನು ಸಂಪಾದಿಸಿಕೊಡುವಂಥದಂತೂ ಮೊದಲೇ ಅಲ್ಲ. ಆದರೂ ಸಾಮಾನ್ಯ ಶಿಕ್ಷಣದ ಅಳಿವು ಉಳಿವು ನಿಜವಾಗಿ ನಿರ್ಧಾರವಾಗುವುದು ಅಲ್ಲಿಯೇ. ವಿವರಗಳು ವಿಶ್ವವಿದ್ಯಾನಿಲಯದಿಂದ ವಿಶ್ವವಿದ್ಯಾನಿಲಯಕ್ಕೆ ಬೇರೆಯಾದರೂ ಕ್ರಮವು ಸ್ಥೂಲವಾಗಿ ಹೀಗಿದೆ. ಪಾಠ ಹೇಳಬಯಸುವ ಅಧ್ಯಾಪಕನು ತನ್ನ ವಿಭಾಗದ ಒಪ್ಪಿಗೆ ಪಡೆದು, ವಾರವಾರದ ಪಾಠಗಳ ವಿವರ, ಓದಿಸುವ ಗ್ರಂಥಗಳ ಪಟ್ಟಿ, ಬರೆಸುವ ಪ್ರಬಂಧಗಳು ಎಷ್ಟು ಮತ್ತು ಎಂಥವು, ಅಂಕಗಳ ಹಂಚಿಕೆ ಹೇಗೆ, ಸಾಮಾನ್ಯ ಶಿಕ್ಷಣದ ಯಾವ ಉದ್ದೇಶವನ್ನು ಈ ಪಾಠವು ಯಾವ ಭಾಗದಲ್ಲಿ ಪೂರೈಸುತ್ತದೆ ಎಂಬುದರ ಒಂದೆರಡು ಪುಟದ ನಿರೂಪಣೆ, ಇವನ್ನೆಲ್ಲ ಸಮಿತಿಗೆ ಒಪ್ಪಿಸುತ್ತಾನೆ. ಸಮಿತಿಯಲ್ಲಿ ನಾನಾ ವಿಭಾಗಗಳ ಅಧ್ಯಾಪಕರಿರುತ್ತಾರೆ. ಹಲವೆಡೆ ವಿದ್ಯಾರ್ಥಿಗಳ ಪ್ರತಿನಿಧಿಯೂ ಇರುವುದುಂಟು. ಅವರಲ್ಲಿ ಒಬ್ಬಿಬ್ಬರು ಕಡತವನ್ನು ಮೊದಲು ಓದಿ ಟಿಪ್ಪಣಿ ಬರೆದು ತರುತ್ತಾರೆ. ಆಮೇಲೆ ಸಭೆಯಲ್ಲಿ ಚರ್ಚೆ. ಕೊನೆಯಲ್ಲಿ ಅಂಗೀಕಾರ, ಇಲ್ಲವೆ ಇಂತಿಂಥ ತಿದ್ದುಪಡಿಗಳೊಡನೆ ಅಂಗೀಕಾರ, ಇಲ್ಲವೆ ಕಾರಣಸಹಿತವಾಗಿ ಹಿಂದಿರುಗಿಸುವುದು. ಒಮ್ಮೆ ಅಂಗೀಕೃತವಾದುದನ್ನು ಕೆಲವು ವರ್ಷಗಳ ಅನಂತರ ಮತ್ತೆ ತರಿಸಿಕೊಂಡು, ಪತ್ರದಲ್ಲಿ ಹೇಳಿದ ಪಾಠವೂ ತರಗತಿಯಲ್ಲಿ ನಡೆಯುತ್ತಿರುವ ಪಾಠವೂ ಒಂದೆಯೊ ಎಂದು ನೋಡುವ ಪದ್ಧತಿಯೂ ಅನೇಕ ಕಡೆಗಳಲ್ಲಿದೆ.

ರಸಾಯನವಿಜ್ಞಾನಿಯೊಬ್ಬ ಕಾವ್ಯಮೀಮಾಂಸೆಯ ಪಾಠಕ್ರಮದ ಯೋಗ್ಯತೆಯನ್ನು ಹೇಗೆ ಅಳೆಯಬಲ್ಲನೆಂದು ಸಂಶಯಪಡುವವರುಂಟು. ವಿಷಯದ ಪ್ರಾಮಾಣ್ಯವನ್ನು ಅಳೆಯುವುದು ಅವನ ಕೆಲಸವಲ್ಲ. ಅದು ವಿಭಾಗದಲ್ಲಿಯೇ ಆಗಿಹೋಗಿರತಕ್ಕದ್ದು. ಅವನು ಆ ಶಾಸ್ತ್ರದ ಹೊರಗಿನವನೆಂಬುದೇ ಇಲ್ಲಿ ಅವನಿಗಿರುವ ಅಧಿಕಾರ. ಯಾರಿಗಾಗಿ ಆ ಪಾಠವೊ ಆ ವಿದ್ಯಾರ್ಥಿಯ ಸ್ಥಾನದಲ್ಲಿಯೇ ಅವನೂ ಇದ್ದಾನೆ. ಮೂರನೆಯ ವಾರದಲ್ಲಿ ರಸಧ್ವನಿಯ ವಿಚಾರ ಬರುತ್ತದೆ, ಅದಕ್ಕೆ ಮೊದಲು ಎಳೆಯರಿಗೆ ಒಂದಾದರೂ ಕಾವ್ಯವನ್ನು ಓದಿಸಿದ್ದೀರಾ ಎಂದು ಅವನು ಕೇಳಿದರೆ, ನಲವತ್ತು ವರ್ಷ ಕಾವ್ಯಮೀಮಾಂಸೆಯನ್ನೇ ಉಸಿರಾಡಿದ ಪಂಡಿತನಿಗೆ ಹೊಳೆಯದಿದ್ದ ಪ್ರಶ್ನೆಯೊಂದನ್ನು ಅವನು ಕೇಳಿದಂತಾಗುತ್ತದೆ. ಹೀಗೆ ಪರಸ್ಪರ ಅನಭಿಜ್ಞರಾದ ಪ್ರಾಜ್ಞರು ಒಂದೆಡೆ ಕುಳಿತು ಒಬ್ಬರ ಪಾಠವನ್ನು ಇನ್ನೊಬ್ಬರು ವಿದ್ಯಾರ್ಥಿಯ ಕಣ್ಣಿನಿಂದ ಓದುವ ಅವಕಾಶವು ವಿಶ್ವವಿದ್ಯಾನಿಲಯದ ಬೇರೆ ಯಾವ ಸಭೆಯಲ್ಲಿಯೂ ಒದಗುವುದಿಲ್ಲವೆಂದೇ ಹೇಳಬಹುದು.

ಈ ಸಮಿತಿಗಳು ಅತ್ಯಂತ ಜಾಗರೂಕವಾಗಿ ಪರಿಶೀಲಿಸಬೇಕಾದ ಅಂಶ ಒಂದಿದೆ. ವಿಷಯದ ಪ್ರವೇಶಿಕೆಯೆಂದು ವಿಭಾಗಗಳು ನಡೆಸುವ ಮೊದಲನೆಯ ಪಾಠವನ್ನೇ ಸಾಮಾನ್ಯ ಶಿಕ್ಷಣವೆಂದು ಒಪ್ಪಿಸುವುದು ಎಲ್ಲೆಲ್ಲಿಯೂ ಇರುವ ಅಭ್ಯಾಸ. ಆದರೆ ಆ ಪ್ರವೇಶಿಕೆಯು ರಚಿತವಾಗಿರುವುದು ಮುಂದೆ ಆ ಶಾಸ್ತ್ರದಲ್ಲಿಯೇ ನಡೆಯುವವನಿಗಾಗಿ. ಅದರ ಫಲವು ಮುಂದಿನ ಪಾಠಗಳಲ್ಲಿ ಕೈಗೆ ಬರುತ್ತದೆ. ಇದೊಂದನ್ನೇ ಓದಿ ಹಿಂದಿರುಗುವವನಿಗೆ ಪರಿಭಾಷೆಯ ಭಾರವಷ್ಟೇ ಉಳಿಯುತ್ತದೆ. ಅದು ಬೇಡವೆಂದು ಶಾಸ್ತ್ರವನ್ನು ನೀರು ಮಾಡಿ, ಸ್ವಾರಸ್ಯವಾದ ನಾಲ್ಕು ಸಂಗತಿಗಳನ್ನು ಹೇಳಿ ಕಳುಹಿಸುವುದು ಇನ್ನೊಂದು ಕೊನೆಯ ತಪ್ಪು. ಎರಡಕ್ಕೂ ನಡುವೆ ದಾರಿಯಿದೆಯೆಂಬುದಕ್ಕೆ ಕಾನಂಟನ ಪಾಠವೇ ಸಾಕ್ಷಿ. ರಸಾಯನವಿಜ್ಞಾನಿಯಾಗಿ, ಯುದ್ಧಕಾಲದಲ್ಲಿ ಅಣ್ವಸ್ತ್ರದ ಸಂಶೋಧನೆಯ ಮೇಲ್ವಿಚಾರಕರಲ್ಲಿ ಒಬ್ಬನಾಗಿದ್ದ ಆತನು, ವಿಜ್ಞಾನವು ಹೇಗೆ ಕೆಲಸಮಾಡುತ್ತದೆಂಬುದನ್ನು ಅರಿಯದ ಪ್ರಜೆಗಳು ಇನ್ನು ಮೇಲೆ ರಾಜ್ಯವನ್ನು ನಡೆಸಲಾರರೆಂದು ಮನಗಂಡು, ವಿಜ್ಞಾನದ ವಿದ್ಯಾರ್ಥಿಗಳಲ್ಲದವರಿಗಾಗಿ ತಾನೇ ಒಂದು ಪಾಠಕ್ರಮವನ್ನು ಆರಂಭಿಸಿದನು. ಅದರಲ್ಲಿ ಸೂತ್ರಗಳ ಸರಮಾಲೆಯಿರಲಿಲ್ಲ. ಬಾಯ್ಲನ ವಾಯುರೇಚಕ ಯಂತ್ರ, ಲವಾಸಿಯೆಯು ದಹನದ ಹಳೆಯ ಸಿದ್ಧಾಂತವನ್ನು ಉರುಳಿಸಿದ ಬಗೆ, ಇಂಥ ಕೆಲವೇ ಪ್ರಸಂಗಗಳನ್ನು ಹಿಡಿದು, ಅಂದಿನ ವಿಜ್ಞಾನಿಗಳು ಎಲ್ಲಿ ತಡವರಿಸಿದರು, ಯಾವ ಪ್ರಯೋಗವು ಯಾರನ್ನು ಏಕೆ ಒಪ್ಪಿಸಿತು ಎಂಬುದನ್ನು ವಿದ್ಯಾರ್ಥಿಯು ಹೆಜ್ಜೆಹೆಜ್ಜೆಯಾಗಿ ಅನುಸರಿಸುವಂತೆ ಮಾಡಲಾಗಿತ್ತು. ಆ ಪಾಠದಲ್ಲಿ ನೆರವಾಗಲು ಬಂದ ಭೌತವಿಜ್ಞಾನದ ತರುಣ ಸಂಶೋಧಕ ಥಾಮಸ್ ಕೂನನು, ಅದಕ್ಕಾಗಿ 1947ರಲ್ಲಿ ಅರಿಸ್ಟಾಟಲನ ಭೌತಶಾಸ್ತ್ರವನ್ನು ಓದುತ್ತ, ಹಿಂದಿನವರು ಮೂರ್ಖರಾಗಿರಲಿಲ್ಲ, ಬೇರೊಂದು ಚೌಕಟ್ಟಿನೊಳಗೆ ಯೋಚಿಸುತ್ತಿದ್ದರು ಎಂಬ ಅರಿವಿಗೆ ಬಂದನು. 1962ರಲ್ಲಿ ಪ್ರಕಟವಾಗಿ ವಿಜ್ಞಾನದ ತತ್ತ್ವಚಿಂತನೆಯನ್ನೇ ಮಾರ್ಪಡಿಸಿದ, ವೈಜ್ಞಾನಿಕ ಕ್ರಾಂತಿಗಳ ಸ್ವರೂಪವನ್ನು ಕುರಿತ ಅವನ ಗ್ರಂಥದ ಬೀಜವು ಅಲ್ಲಿಯದು. ಅದನ್ನು ಅವನು ಅರ್ಪಿಸಿದ್ದೂ ಕಾನಂಟನಿಗೆ. ಸಾಮಾನ್ಯ ಶಿಕ್ಷಣದ ಪಾಠವೆಂದರೆ ಕೈಲಾಗದವರಿಗೆ ಹೇಳುವ ಪಾಠವೆಂಬ ತಾತ್ಸಾರವು ನಮ್ಮ ಅಧ್ಯಾಪಕವರ್ಗದಲ್ಲಿ ಎಷ್ಟಿದೆಯೆಂಬುದನ್ನು ಬಲ್ಲವರಿಗೆ ಈ ವೃತ್ತಾಂತವನ್ನು ವಿಸ್ತರಿಸಿ ಹೇಳಿದ್ದು ಅಧಿಕವೆನಿಸಲಾರದು.

ಇನ್ನು ಸಮಿತಿಯ ಬಾಗಿಲಲ್ಲಿ ಪಾಠಕ್ರಮಗಳು ಏಕೆ ಸಾಲುಗಟ್ಟಿ ನಿಲ್ಲುತ್ತವೆಂಬ ಮಾತು. ಜ್ಞಾನಪ್ರಸಾರದ ಉತ್ಸಾಹವೊಂದೇ ಅದಕ್ಕೆ ಕಾರಣವೆಂದು ಭಾವಿಸುವುದು ಸೌಜನ್ಯವಾದೀತು, ಸತ್ಯವಾಗಲಾರದು. ಎಲ್ಲರೂ ಓದಲೇಬೇಕಾದ ಪಟ್ಟಿಯಲ್ಲಿ ತಮ್ಮ ಪಾಠವು ಸೇರಿತೆಂದರೆ ವಿಭಾಗಕ್ಕೆ ವಿದ್ಯಾರ್ಥಿಗಳ ಸಂಖ್ಯೆಯು ದೊರೆಯಿತು. ಸಂಖ್ಯೆಯಿಂದ ಅಮೆರಿಕದಲ್ಲಾದರೆ ಸಂಶೋಧನ ವಿದ್ಯಾರ್ಥಿಗಳಿಗೆ ಬೋಧನ ಸಹಾಯಕರ ಕೆಲಸ ಮತ್ತು ವೇತನ, ನಮ್ಮಲ್ಲಾದರೆ ಕಾರ್ಯಭಾರ, ಕಾರ್ಯಭಾರದಿಂದ ಹುದ್ದೆಯ ಉಳಿವು. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಅನ್ನದ ಪ್ರಶ್ನೆಯು ವಿದ್ಯೆಯ ಪ್ರಶ್ನೆಗಿಂತ ಕೀಳಲ್ಲ. ಆದರೆ ಎರಡು ಪ್ರಶ್ನೆಗಳೂ ಒಂದೇ ಅರ್ಜಿಯ ವೇಷದಲ್ಲಿ ಬಂದಾಗ ಅವನ್ನು ಬೇರ್ಪಡಿಸಿ ನೋಡುವ ಎದೆಗಾರಿಕೆ ಸಮಿತಿಗೆ ಬೇಕು. ಇಂದು ನಾನು ನಿಮ್ಮ ವಿಭಾಗದ ಪಾಠವನ್ನು ಒಪ್ಪಿದರೆ ನಾಳೆ ನೀವು ನಮ್ಮದನ್ನು ಒಪ್ಪುವಿರೆಂಬ ಮೌನಸಂಧಾನಕ್ಕೆ ಹೆಚ್ಚು ಸಭೆಗಳು ಬೇಕಾಗುವುದಿಲ್ಲ.

ಹಾರ್ವರ್ಡಿನ ಮುಂದಿನ ಚರಿತ್ರೆಯು ಈ ಎದೆಗಾರಿಕೆಯ ಏರಿಳಿತದ ಚರಿತ್ರೆ. ಕೆಂಪು ಪುಸ್ತಕದ ವ್ಯವಸ್ಥೆಯು ಕಾಲಕ್ರಮದಲ್ಲಿ ಸಡಿಲವಾಗಲು, 1978ರಲ್ಲಿ ಹೆನ್ರಿ ರೊಸೊವ್‌ಸ್ಕಿಯ ನೇತೃತ್ವದಲ್ಲಿ ಕೋರ್ ಎಂಬ ಹೊಸ ವ್ಯವಸ್ಥೆಯನ್ನು ಅಧ್ಯಾಪಕಸಭೆಯು ಅಂಗೀಕರಿಸಿತು. ಅದಕ್ಕಾಗಿಯೇ ರಚಿತವಾದ ಪಾಠಗಳಿಗೆ ಮಾತ್ರ ಅದರಲ್ಲಿ ಸ್ಥಾನ. ಸ್ಥಾಯೀ ಸಮಿತಿಯ ಪರೀಕ್ಷೆ ಬಿಗಿ. ಬಿಗಿಯಾದ ಪರೀಕ್ಷೆಯ ಫಲವಾಗಿ ಆಯ್ಕೆಯು ಕಿರಿದಾಯಿತೆಂದೂ, ವಿಭಾಗಗಳಲ್ಲಿರುವ ಒಳ್ಳೆಯ ಪಾಠಗಳಿಗೂ ಬಾಗಿಲು ಮುಚ್ಚಿದೆಯೆಂದೂ ಎರಡು ದಶಕಗಳ ಕಾಲ ದೂರು ಬೆಳೆಯಿತು. 2006ರಲ್ಲಿ ಹೊಸ ಕರಡೊಂದು ಸಿದ್ಧವಾಗಿ, ಅದರಲ್ಲಿ ತರ್ಕ ಮತ್ತು ಶ್ರದ್ಧೆ ಎಂಬೊಂದು ಕ್ಷೇತ್ರವು ಎಲ್ಲರಿಗೂ ಕಡ್ಡಾಯವಾಗಬೇಕೆಂದಿತ್ತು. ಮನಶ್ಶಾಸ್ತ್ರಜ್ಞ ಸ್ಟೀವನ್ ಪಿಂಕರನು ಎರಡನ್ನೂ ಸರಿಗಟ್ಟಿ ನಿಲ್ಲಿಸುವುದು ವಿಶ್ವವಿದ್ಯಾನಿಲಯಕ್ಕೆ ತಕ್ಕುದಲ್ಲವೆಂದು ಬಹಿರಂಗವಾಗಿ ವಾದಿಸಿದನು. ಕೆಲವು ವಾರಗಳಲ್ಲಿ ಆ ಕ್ಷೇತ್ರವು ಕರಡಿನಿಂದ ಮರೆಯಾಗಿ, ಅಂತಿಮವಾಗಿ ಸಂಸ್ಕೃತಿ ಮತ್ತು ನಂಬಿಕೆ ಎಂಬ ಮೃದುವಾದ ಹೆಸರಿನಲ್ಲಿ ನೆಲೆನಿಂತಿತು. ಅಷ್ಟು ತೀಕ್ಷ್ಣವಾದ ಚರ್ಚೆ ನಡೆದದ್ದು ಕ್ಷೇತ್ರಗಳ ಹೆಸರಿನ ವಿಷಯದಲ್ಲಿ. 2007ರಲ್ಲಿ ಒಪ್ಪಿಗೆ ಪಡೆದು 2009ರಿಂದ ನಡೆಗೆ ಬಂದ ಎಂಟು ಕ್ಷೇತ್ರಗಳ ಆ ವ್ಯವಸ್ಥೆಯೊಳಕ್ಕೆ ಒಂದೊಂದೇ ಪಾಠವು ಬರುವಾಗ ಆ ತೀಕ್ಷ್ಣತೆಯು ಉಳಿಯಲಿಲ್ಲ. ಹಳೆಯ ಬಿಗಿಯ ಕಹಿಯನ್ನು ನೆನೆದವರು ಉದಾರರಾದರು. ವಿಭಾಗಗಳ ಪಾಠಗಳು ನೂರಾರು ಸಂಖ್ಯೆಯಲ್ಲಿ ಪಟ್ಟಿಯನ್ನು ಸೇರಿದವು. 2015ರಲ್ಲಿ ತತ್ತ್ವಶಾಸ್ತ್ರಜ್ಞ ಷಾನ್ ಕೆಲ್ಲಿಯ ಅಧ್ಯಕ್ಷತೆಯ ಸಮಿತಿಯು ಪರಾಮರ್ಶೆ ಮಾಡಿ, ಈ ವ್ಯವಸ್ಥೆಯು ಹಲವು ವಿಧಗಳಲ್ಲಿ ವಿಫಲವಾಗುತ್ತಿದೆಯೆಂದೂ, ಇದು ಏನನ್ನು ಸಾಧಿಸಲು ಹೊರಟಿದೆಯೆಂಬುದೇ ಯಾರಿಗೂ ಸ್ಪಷ್ಟವಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಬರೆಯಿತು. ಎಂಟು ಕ್ಷೇತ್ರಗಳು ನಾಲ್ಕಾಗಿ, 2019ರಿಂದ ಇನ್ನೊಂದು ವ್ಯವಸ್ಥೆಯು ನಡೆಯುತ್ತಿದೆ.

ಮದುವೆಮನೆಯ ಬಾಳೆಲೆಯ ಮೇಲೆ ಇಪ್ಪತ್ತು ಬಗೆಯನ್ನೂ ಒಂದೊಂದು ಚಿಟಿಕೆ ಬಡಿಸಿ ಎಬ್ಬಿಸಿದರೆ ಅದು ಊಟವಾಗುವುದಿಲ್ಲ. ವಿಜ್ಞಾನದಿಂದೊಂದು, ಚರಿತ್ರೆಯಿಂದೊಂದು, ಕಲೆಯಿಂದೊಂದು ಎಂದು ಲೆಕ್ಕ ತುಂಬಿಸುವ ಹಂಚಿಕೆಗೂ ಸಾಮಾನ್ಯ ಶಿಕ್ಷಣಕ್ಕೂ ಇರುವ ಅಂತರವು ಇಷ್ಟೇ. 2009ರ ವ್ಯವಸ್ಥೆಯೊಳಕ್ಕೆ ಪಾಠಗಳನ್ನು ಬಿಟ್ಟುಕೊಂಡ ಹಾರ್ವರ್ಡಿನ ಸಮಿತಿಯು ಮರೆತದ್ದೂ ಈ ಅಂತರವನ್ನೇ.

ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಉದಾಹರಣೆಯು ಇದಕ್ಕಿಂತ ಚಿಕ್ಕದು, ಆದರೆ ನನಗೆ ಹೆಚ್ಚು ಹಿಡಿಸಿದ್ದು. 1989ರಲ್ಲಿ ಅಲ್ಲಿಯ ಅಧ್ಯಾಪಕಸಭೆಯು ಬಿರುಸಿನ ವಾದವಿವಾದದ ಅನಂತರ, ಪ್ರತಿಯೊಬ್ಬ ಪದವಿ ವಿದ್ಯಾರ್ಥಿಯೂ ಅಮೆರಿಕದ ಸಂಸ್ಕೃತಿಗಳನ್ನು ಕುರಿತ ಒಂದು ಪಾಠವನ್ನು ಓದತಕ್ಕದ್ದೆಂದು ನಿರ್ಣಯಿಸಿ, 1991ರಿಂದ ಜಾರಿಗೆ ತಂದಿತು. ಯಾವ ವಿಭಾಗವಾದರೂ ಆ ಪಾಠವನ್ನು ನಡೆಸಬಹುದು. ಆದರೆ ಆಫ್ರಿಕಾ ಮೂಲದವರು, ಮೂಲನಿವಾಸಿಗಳು, ಏಷ್ಯಾ ಮೂಲದವರು, ಲ್ಯಾಟಿನ್ ಮೂಲದವರು, ಯೂರೋಪ್ ಮೂಲದವರು ಎಂಬ ಐದು ಸಮುದಾಯಗಳಲ್ಲಿ ಕಡಮೆಯೆಂದರೆ ಮೂರನ್ನು ಒಂದರೊಡನೊಂದು ಹೋಲಿಸುತ್ತ, ಅಮೆರಿಕದ ಸಮಾಜದ ಹಿನ್ನೆಲೆಯಲ್ಲಿ ವಿವೇಚಿಸಿರಬೇಕು. ಒಂದು ವಾರ ಇವರ ವಿಷಯ, ಮುಂದಿನ ವಾರ ಅವರ ವಿಷಯ ಎಂದು ಬಿಡಿಬಿಡಿಯಾಗಿ ಜೋಡಿಸಿದರೆ ನಿಯಮವು ಪಾಲಿತವಾಗುವುದಿಲ್ಲ. ಒಂದೇ ಪಾಠ, ಒಂದೇ ಉದ್ದೇಶ, ಯಾರು ಓದಿದರೂ ಅರ್ಥವಾಗುವ ಒಂದೇ ಒರೆಗಲ್ಲು. ಅದಕ್ಕೆಂದೇ ಒಂದು ಸಮಿತಿ. ಹಿಂದಿರುಗಿಸಲ್ಪಟ್ಟ ಅಧ್ಯಾಪಕನಿಗೆ ಕೋಪ ಬಂದರೂ, ಏಕೆ ಹಿಂದಿರುಗಿತೆಂಬುದು ತಿಳಿಯದೆ ಇರುವುದಿಲ್ಲ.

ಈ ವಿಚಾರವು ನಮಗೆ ಹೊಸದೇನೂ ಅಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದವರು ಹಿಂದೊಮ್ಮೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರು. ಜಾಕಿರ್ ಹುಸೇನ್, ಮೇಘನಾದ ಸಾಹಾ, ಲಕ್ಷ್ಮಣಸ್ವಾಮಿ ಮೊದಲಿಯಾರ್ ಮುಂತಾದವರ ಜೊತೆಗೆ ಅಮೆರಿಕದ ಆರ್ಥರ್ ಮಾರ್ಗನ್, ಜಾನ್ ಟೈಗರ್ಟ್ ಎಂಬಿಬ್ಬರು ಶಿಕ್ಷಣವೇತ್ತರೂ ಅದರ ಸದಸ್ಯರಾಗಿದ್ದರು. 1949ರಲ್ಲಿ ಮುಗಿದ ಆ ವರದಿಯು ಸಾಮಾನ್ಯ ಶಿಕ್ಷಣಕ್ಕಾಗಿ ವಿಸ್ತಾರವಾಗಿ ವಾದಿಸಿ, ಅದನ್ನು ಪದವಿಯ ಪಾಠಗಳಲ್ಲಿ ಸೇರಿಸಬೇಕೆಂದು ಶಿಫಾರಸು ಮಾಡಿತು. ಆದರೆ ಶಿಫಾರಸನ್ನು ದಿನದಿನದ ಪಾಠವಾಗಿ ಪರಿವರ್ತಿಸುವ ಯಂತ್ರವು ನಮ್ಮಲ್ಲಿ ನಿರ್ಮಾಣವಾಗಲಿಲ್ಲ. ಎಲ್ಲರಿಗೂ ಒಂದು ಪಾಠವು ಬೇಕೆಂದು ನಮ್ಮಲ್ಲಿ ತೀರ್ಮಾನವಾಗುವುದು ಸಾಮಾನ್ಯವಾಗಿ ವಿಶ್ವವಿದ್ಯಾನಿಲಯದ ಹೊರಗೆ. ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆದೇಶಗಳ ಫಲವಾಗಿ ಪರಿಸರ ಅಧ್ಯಯನವು ದೇಶದ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯವಾಯಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಎಲ್ಲರಿಗೂ ಒಂದೇ ಆದ ಆರು ತಿಂಗಳ ಪಾಠವನ್ನು ಸಿದ್ಧಪಡಿಸಿ ಕಳುಹಿಸಿತು. ನ್ಯಾಯಾಲಯದ ಕಳಕಳಿಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಪರಿಸರವಿಜ್ಞಾನವನ್ನೇ ಸಸ್ಯಶಾಸ್ತ್ರದಲ್ಲಿ ಓದುತ್ತಿರುವವಳಿಗೂ ಲೆಕ್ಕಪತ್ರವನ್ನು ಓದುತ್ತಿರುವವನಿಗೂ ಅದೇ ಪುಸ್ತಕ, ಅದೇ ಪ್ರಶ್ನೆಗಳು ಸಾಕೆ ಎಂದು ಕೇಳುವ ಕರ್ತವ್ಯವು ಯಾವ ಮಂಡಳಿಗೂ ವಹಿಸಲ್ಪಟ್ಟಿರಲಿಲ್ಲ.

ಕರ್ನಾಟಕದ ಇತ್ತೀಚಿನ ಅನುಭವವೂ ಇದೇ ಜಾಡಿನದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿಯೇ ಮೊದಲಾಗಿ ಪದವಿ ತರಗತಿಗಳಿಗೆ ತಂದ ನಮ್ಮ ರಾಜ್ಯವು, ಮುಕ್ತ ಐಚ್ಛಿಕವೆಂಬ ಹೆಸರಿನಲ್ಲಿ, ತನ್ನ ವಿಷಯದ ಹೊರಗಿನ ಪಾಠವನ್ನು ಓದುವ ಅವಕಾಶವನ್ನು ವಿದ್ಯಾರ್ಥಿಗೆ ಕೊಟ್ಟಿತು. ಸಂವಿಧಾನ, ಪರಿಸರ, ಡಿಜಿಟಲ್ ಜ್ಞಾನಗಳನ್ನು ಕಡ್ಡಾಯವಾಗಿಸಿತು. 2024ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ ಸರ್ಕಾರವು ನಾಲ್ಕು ವರ್ಷಗಳ ಪದವಿಯನ್ನು ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ಪಠ್ಯಕ್ರಮವು ಮತ್ತೆ ಹೊಸದಾಯಿತು. ಎರಡು ಬಾರಿಯೂ ವಾದವು ನಡೆದದ್ದು ವರ್ಷಗಳೆಷ್ಟು, ಕ್ರೆಡಿಟ್ಟುಗಳೆಷ್ಟು, ನೀತಿ ಯಾರದ್ದು ಎಂಬುದರ ಸುತ್ತ. ಮುಕ್ತ ಐಚ್ಛಿಕದ ಪಾಠಗಳನ್ನು ಆಯಾ ವಿಷಯದ ಮಂಡಳಿಗಳೇ ರಚಿಸಿಕೊಂಡವು. ಕಾಲೇಜಿನಲ್ಲಿ ಯಾವ ಉಪನ್ಯಾಸಕರಿಗೆ ಕಾರ್ಯಭಾರ ಸಾಲದೊ ಅವರ ಪಾಠವು ಎಷ್ಟೋ ಕಡೆ ವಿದ್ಯಾರ್ಥಿಗಳ ಮುಕ್ತವಾದ ಆಯ್ಕೆಯಾಯಿತು.

ಸಮಿತಿಯನ್ನು ನೇಮಿಸಿದರೆ ವಿಳಂಬವಾದೀತು, ಅಧ್ಯಾಪಕರ ಸ್ವಾತಂತ್ರ್ಯಕ್ಕೆ ಕುಂದಾದೀತು, ಇರುವ ಸಮಿತಿಗಳೇ ಹೊರಲಾರದ ಹೊರೆ ಎಂಬ ಆಕ್ಷೇಪಗಳು ನನಗೆ ತಿಳಿಯದವಲ್ಲ. ವಿಳಂಬವಾಗುವುದು ನಿಜ; ಎಲ್ಲರ ಮೇಲೂ ಹೇರುವ ಪಾಠಕ್ಕೆ ಒಂದು ವರ್ಷದ ವಿಳಂಬವು ದುಬಾರಿಯಲ್ಲ. ಸ್ವಾತಂತ್ರ್ಯದ ಮಾತಾದರೆ, ತನ್ನ ವಿಷಯವನ್ನು ತನಗೆ ಸರಿಕಂಡಂತೆ ಹೇಳುವ ಸ್ವಾತಂತ್ರ್ಯವು ಅಧ್ಯಾಪಕನಿಗೆ ಪೂರ್ಣವಾಗಿ ಇರಲಿ. ಅದನ್ನು ಬೇರೆಲ್ಲ ವಿಭಾಗಗಳ ವಿದ್ಯಾರ್ಥಿಗಳೂ ಕೇಳಲೇಬೇಕೆಂದು ವಿಧಿಸುವಾಗ ಕಾರಣವನ್ನು ಕೇಳುವ ಹಕ್ಕು ಆ ವಿಭಾಗಗಳಿಗೂ ಇದೆ. ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣವಾದ ಸಮಾಧಾನವಿಲ್ಲ. ಆದರೆ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ರಚಿಸಿರುವ ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತುಗಳ ಸೋಪಾನದಲ್ಲಿ, ವಿಷಯದ ಎಲ್ಲೆಗಳನ್ನು ದಾಟಿ ಒಂದು ಪಾಠಕ್ರಮದ ಸಿಲಬಸ್ಸನ್ನು ಸಾವಧಾನವಾಗಿ ಓದುವ ಮೆಟ್ಟಿಲೇ ಇಲ್ಲ. ಪರಿಷತ್ತಿನ ಸಭೆಯಲ್ಲಿ ಹತ್ತಾರು ವಿಷಯಗಳ ಪಠ್ಯಕ್ರಮಗಳು ಒಟ್ಟಿಗೆ ಬಂದು ಒಟ್ಟಿಗೆ ಅಂಗೀಕೃತವಾಗುತ್ತವೆ.

ಆದುದರಿಂದ ನನ್ನ ವಿಜ್ಞಾಪನೆಯು ದೊಡ್ಡದಲ್ಲ. ನಮ್ಮ ಒಂದೊಂದು ವಿಶ್ವವಿದ್ಯಾನಿಲಯದ ವಿದ್ಯಾವಿಷಯಕ ಪರಿಷತ್ತೂ ಕಲೆ, ವಿಜ್ಞಾನ, ವಾಣಿಜ್ಯಗಳಿಂದ ಆಯ್ದ ಏಳೆಂಟು ಮಂದಿ ಅಧ್ಯಾಪಕರ ಒಂದು ಉಪಸಮಿತಿಯನ್ನು, ಪದವಿ ಕಾಲೇಜುಗಳಲ್ಲಿ ನಿಜವಾಗಿ ಪಾಠ ಹೇಳುತ್ತಿರುವವರು ಅದರಲ್ಲಿ ಅರ್ಧದಷ್ಟಾದರೂ ಇರುವಂತೆ, ನೇಮಿಸಲಿ. ಕಡ್ಡಾಯವಾದ ಮತ್ತು ಮುಕ್ತ ಐಚ್ಛಿಕವಾದ ಪಾಠಗಳೆಲ್ಲವೂ ಆ ಉಪಸಮಿತಿಯ ಮೂಲಕವೇ ಪರಿಷತ್ತಿಗೆ ಬರಲಿ. ಯಾವುದನ್ನು ಒಪ್ಪಿತು, ಯಾವುದನ್ನು ಹಿಂದಿರುಗಿಸಿತು, ಏಕೆ ಎಂಬುದನ್ನು ಅದು ಕನ್ನಡದಲ್ಲಿ ಬರೆದು ಪ್ರಕಟಿಸಲಿ. ಒಮ್ಮೆ ಒಪ್ಪಿದ್ದನ್ನು ಮೂರು ವರ್ಷಗಳಿಗೊಮ್ಮೆ ಮತ್ತೆ ನೋಡಲಿ. ಇದಕ್ಕೆ ಹೊಸ ಶಾಸನವಾಗಲಿ ಹೊಸ ಆಯೋಗವಾಗಲಿ ಅಗತ್ಯವೆಂದು ನನಗೆ ತೋರುವುದಿಲ್ಲ. ಪರಿಷತ್ತಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಒಂದು ವಿಷಯವನ್ನು ಸೇರಿಸಬೇಕೆಂದು ಅದರ ಸದಸ್ಯರಲ್ಲಿ ಪ್ರಾರ್ಥಿಸುತ್ತೇನೆ.